ಚೌಕದೊಳಗಿನ ಚುಕ್ಕೆ

ಐದು ಉತ್ತರಪತ್ರಿಕೆಗಳಲ್ಲಿ ಒಂದೇ ತಪ್ಪು ಇತ್ತು. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಅದನ್ನು ಅಂದೇ ಬರೆದಿಟ್ಟಿದ್ದೆ. ಉಳಿದದ್ದರಲ್ಲಿ ನಿಜವಾಗಿ ನಡೆದದ್ದೆಷ್ಟು, ನಾನೇ ಹೇಳಿ ಹೇಳಿ ನಡೆಸಿದ್ದೆಷ್ಟು ಎಂಬುದು ಈಗ ಸಲೀಸಾಗಿ ಬೇರೆಯಾಗುವುದಿಲ್ಲ. ಶಾಲೆಯ ಮೊಹರಿನಲ್ಲಿ ಮೈಸೂರು ರಾಜ್ಯ ಎಂದೇ ಇದ್ದ ನೆನಪು. ಹಾಗಿದ್ದರೆ ಅದು ರಾಜ್ಯದ ಹೆಸರು ಬದಲಾಗುವ ಮೊದಲಿನ ಯಾವುದೋ ಡಿಸೆಂಬರ್. ಅವರೆಕಾಯಿಯ ಕಾಲ ಎಂಬುದರಲ್ಲಿ ಅನುಮಾನವಿಲ್ಲ. ನಮ್ಮ ಜವಾನ ಬಿಡುವಿನಲ್ಲಿ ಉಪಾಧ್ಯಾಯರ ಕೊಠಡಿಯ ಬಾಗಿಲಲ್ಲೇ ಕೂತು ಕಾಯಿ ಸುಲಿಯುತ್ತಿದ್ದ. ಉತ್ತರಪತ್ರಿಕೆಗಳಿಗೂ ಆ ಸೊಗಡು ಹತ್ತಿತ್ತು.

ದೊಡ್ಡಬಳ್ಳಾಪುರದ ಒಂದು ಪ್ರೌಢಶಾಲೆಯಲ್ಲಿ ನನಗದು ಎರಡನೆಯ ವರ್ಷ. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಬೆಂಗಳೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದಿದ್ದೆ, ಯಾರ ಮಾತನ್ನೂ ಪುರಾವೆಯಿಲ್ಲದೆ ನಂಬಬಾರದು ಎಂಬ ಹೆಮ್ಮೆಯಿತ್ತು. ಆ ಪಟ್ಟಿಯಲ್ಲಿ ನನ್ನ ಮಾತನ್ನೂ ಸೇರಿಸಬೇಕು ಎಂಬುದು ಮಾತ್ರ ಆಗ ಹೊಳೆದಿರಲಿಲ್ಲ.

ಎಸ್ಸೆಸ್ಸೆಲ್ಸಿಗೆ ಕೂರುವವರಿಗೆ ಮೊದಲು ಶಾಲೆಯಲ್ಲೇ ಒಂದು ಪರೀಕ್ಷೆ. ಅದಕ್ಕೆ ಸೆಲೆಕ್ಷನ್ ಎನ್ನುತ್ತಿದ್ದೆವು. ಅದರಲ್ಲಿ ದಾಟಿದವರ ಅರ್ಜಿಗೆ ಮಾತ್ರ ಹೆಡ್‌ಮಾಸ್ಟರರ ರುಜು. ಗಣಿತದಲ್ಲಿ ನಾನು ಕೇಳಿದ್ದ ಒಂದು ಪ್ರಶ್ನೆ ಇದು: ಎಕ್ಸ್ ಮತ್ತು ವೈ ಕೂಡಿದರೆ ಏಳು. ಎಕ್ಸ್ ಒಂದಾದರೆ ವೈ ಆರು, ಎರಡಾದರೆ ಐದು, ಹೀಗೆ ನಾಲ್ಕು ಬಿಂದುಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ, ಸೇರಿಸಿ ಗೆರೆ ಎಳೆಯಿರಿ. ಆ ಗೆರೆಯನ್ನು ಎರಡು ಅಕ್ಷಗಳಿಗೆ ತಾಗುವವರೆಗೆ ಬೆಳೆಸಿ, ಎಲ್ಲಿ ತಾಗಿತು ಎಂಬುದನ್ನು ನಕ್ಷೆಯಿಂದ ಓದಿ ಹೇಳಿ. ಉತ್ತರ ಏಳು, ಎರಡೂ ಕಡೆ.

ಐವರು ಎರಡೂ ಕಡೆ ಆರು ಎಂದು ಬರೆದಿದ್ದರು. ಐವರೂ ನೇಕಾರರ ಒಂದೇ ಬೀದಿಯವರು, ಒಟ್ಟಿಗೆ ಬಂದು ಒಟ್ಟಿಗೆ ಹೋಗುವವರು. ನಾಲ್ವರು ಹುಡುಗರು, ಒಬ್ಬಳು ಹುಡುಗಿ. ತರಗತಿಯ ಉಳಿದವರಲ್ಲಿ ತಪ್ಪು ಮಾಡಿದವರು ಬೇಕಾದಷ್ಟು ಜನ ಇದ್ದರು, ಆದರೆ ಒಬ್ಬೊಬ್ಬರದು ಒಂದೊಂದು ತಪ್ಪು. ನಾನು ಒಂದು ಬಿಳಿ ಹಾಳೆ ತೆಗೆದುಕೊಂಡು, ಐವರಿಗೆ ತಾನೇ ತಾನಾಗಿ ಒಂದೇ ತಪ್ಪು ಉತ್ತರ ಬರುವ ಸಂಭವ ಎಷ್ಟು ಎಂದು ಲೆಕ್ಕ ಹಾಕಿದೆ. ಗುಣಿಸುತ್ತ ಹೋದಂತೆ ಅದು ಸಣ್ಣದಾಗುತ್ತ ಹೋಗಿ, ಇಲ್ಲವೆನ್ನುವಷ್ಟು ಉಳಿಯಿತು. ಗುಣಿಸುವ ಮೊದಲು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಇದೆ, ನನ್ನ ಪಠ್ಯಪುಸ್ತಕದ ಮೊದಲ ಅಧ್ಯಾಯದಲ್ಲೇ ಇತ್ತು: ಇವು ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳೇ? ಅದನ್ನು ಕೇಳಿಕೊಳ್ಳಲಿಲ್ಲ.

ಒಬ್ಬೊಬ್ಬರನ್ನೇ ಕರೆದು ವಿಚಾರಿಸಿದೆ. ಮೊದಲು ಬಂದವನು ಉದ್ದನೆಯ ಹುಡುಗ, ತರಗತಿಯಲ್ಲಿ ಎಲ್ಲರಿಗಿಂತ ಎತ್ತರ.

"ಯಾರದನ್ನ ನೋಡಿ ಬರ್ದೆಯೋ?"

"ಯಾರ್ದೂ ಇಲ್ಲ ಸಾರ್."

"ಹಾಗಾದ್ರೆ ಐದು ಜನಕ್ಕೂ ಆರೇ ಹೇಗೆ ಬಂತು?"

"ಐದು ಜನಕ್ಕೂ ಬಂದೈತಾ ಸಾರ್? ಹಂಗಾದ್ರೆ ಸರಿಯಾಗೇ ಇರ್ಬೇಕು."

ಉದ್ಧಟತನ ಎಂದುಕೊಂಡೆ. ಕೊನೆಗೆ ಬಂದವಳು ಆ ಹುಡುಗಿ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದಳು, ಕೇಳಿದರೆ ಮಾತ್ರ ಉತ್ತರ.

"ಎಕ್ಸ್ ಸೊನ್ನೆ ಆದ್ರೆ ವೈ ಎಷ್ಟಮ್ಮ?"

"ಏಳು ಸಾರ್."

"ಗೊತ್ತಲ್ಲ. ಮತ್ತೆ ಆರು ಯಾಕೆ ಬರ್ದೆ?"

"ನಕ್ಷೆಯಿಂದ ಓದಿ ಅಂತ ಕೇಳಿದ್ರಿ. ನಕ್ಷೆಲಿ ಆರೇ ಇತ್ತು."

ಈ ಮಾತನ್ನು ಎಷ್ಟು ಸಲ ನೆನೆದಿದ್ದೇನೋ. ಅಂಕಕ್ಕಾಗಿ ಮೋಸ ಮಾಡುವವರಾಗಿದ್ದರೆ ಗೊತ್ತಿದ್ದ ಏಳನ್ನೇ ಬರೆದು ಎದ್ದು ಹೋಗುತ್ತಿದ್ದರು. ತಾನು ಕಂಡದ್ದನ್ನೇ ಬರೆದವಳು ಅವಳು. ಆದರೆ ನನ್ನ ಜೇಬಿನಲ್ಲಿ ಸಂಭವನೀಯತೆಯ ಲೆಕ್ಕವಿತ್ತು. ಅವಳು ಇನ್ನೂ ಏನೋ ಹೇಳಲು ಹೊರಟ ಹಾಗೆ, ನಾನು ಸಾಕು ಹೋಗು ಎಂದ ಹಾಗೆ ಒಂದು ಮಸುಕು ನೆನಪಿದೆ. ಇದು ನಡೆದದ್ದೋ, ಆಮೇಲಿನ ಪಶ್ಚಾತ್ತಾಪ ಸೇರಿಸಿದ್ದೋ ಹೇಳಲಾರೆ.

ವರದಿ ಬರೆದು ಹೆಡ್‌ಮಾಸ್ಟರರಿಗೆ ಕೊಟ್ಟೆ. ಮಿತಮಾತಿನ ಹಿರಿಯರು, ಕೋಟಿನ ಗುಂಡಿ ಬೇಸಿಗೆಯಲ್ಲೂ ಬಿಚ್ಚದವರು. ಎರಡು ಸಲ ಓದಿದರು.

"ಲೆಕ್ಕದ ಮೇಷ್ಟ್ರು ಲೆಕ್ಕ ಹಾಕೇ ಹೇಳಿದ್ದೀರಿ ಅಂದ್ಮೇಲೆ ನಂದೇನಿದೆ? ಸೋಮವಾರ ಅರ್ಜಿಗಳು ಬೆಂಗಳೂರಿಗೆ ಹೋಗ್ತವೆ. ಈ ಐದು ಹೋಗಲ್ಲ. ನೀವೇ ಮನೆಗಳಿಗೆ ಹೋಗಿ ವಿಷಯ ತಿಳಿಸಿ, ರುಜು ಹಾಕಿಸ್ಕೊಂಡು ಬನ್ನಿ. ನಾಳೆ ಯಾರೂ ಬಂದು ನಂಗೆ ಗೊತ್ತಿರಲಿಲ್ಲ ಅನ್ಬಾರ್ದು ನೋಡಿ."

ಶನಿವಾರ ಬೆಳಗಿನ ತರಗತಿ ಮುಗಿಸಿ ಹೊರಟೆ. ಆ ಬೀದಿಯಲ್ಲಿ ಮನೆ ಮನೆಯಿಂದಲೂ ಮಗ್ಗದ ಸದ್ದು. ಪ್ರತಿ ಬಾಗಿಲಿಗೂ ತಾಳ ಬೇರೆ, ನಡೆಯುತ್ತ ಹೋದರೆ ಒಂದು ಮುಗಿಯುವ ಮೊದಲು ಇನ್ನೊಂದು. ಈಗಲೂ ಯಾವುದಾದರೂ ಯಂತ್ರ ಆ ಲಯದಲ್ಲಿ ಬಡಿದರೆ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ಮೊದಲು ಹುಡುಗಿಯ ಮನೆಗೇ ಹೋದೆ. ಯಾಕೆ ಅಲ್ಲಿಗೇ ಹೋದೆನೋ ತಿಳಿಯದು. ಬೀದಿಯ ಮೊದಲ ಮನೆ ಅದು ಎಂಬುದಷ್ಟೇ ಕಾರಣವಿರಬಹುದು.

ನಡುಮನೆಯ ಅರ್ಧ ಭಾಗ ಮಗ್ಗದ್ದೇ. ಅವಳ ತಂದೆ ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು, ತಲೆ ಎತ್ತಲಿಲ್ಲ. ತಾಯಿ ರಾಟೆ ನಿಲ್ಲಿಸಿ ಚಾಪೆ ಹಾಕಿದರು.

"ಕೂತ್ಕಳಿ ಮೇಷ್ಟ್ರೇ. ಸೀರೇಲಿ ಆ ಹೂವು ಮುಗಿಯೋಗಂಟ ಅವರು ಏಳಲ್ಲ. ದೇವ್ರು ಬಂದ್ರೂ ಅಷ್ಟೆ, ನೆಂಟ್ರು ಬಂದ್ರೂ ಅಷ್ಟೆ."

"ನೆಂಟ್ರು ಬಂದ್ರೆ ಎರಡು ಹೂವು ಜಾಸ್ತಿ ನೇಯ್ತೀನಿ," ಎಂದರು ಅವರು ಅಲ್ಲಿಂದಲೇ.

ಹೂವು ಮುಗಿಯಿತು. ನಾನು ಕಾಗದ ಚಾಚಿ ವಿಷಯ ಹೇಳಿದೆ. ಅವರು ಓದಲಿಲ್ಲ. ಮಗಳ ಕಡೆ ನೋಡಿದರು. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

"ನೋಡಿ ಬರೆದ್ಯಾ?"

"ಇಲ್ಲಪ್ಪ."

ತಾಯಿ ನಡುವೆ ಬಂದರು. "ಮೇಷ್ಟ್ರೇ, ಇವರಕ್ಕ ಎರಡು ವರ್ಷದಿಂದ ತನ್ನ ಮಗನಿಗೆ ಹೆಣ್ಣು ಕೇಳ್ತಾವ್ರೆ. ಪರೀಕ್ಷೆ ಒಂದು ಆಗ್ಲಿ ತಾಳಿ ಅಂತ ತಡ್ಕಂಡಿದ್ದೀವಿ. ಪಾಸಾದ್ರೆ ಟ್ರೈನಿಂಗ್‌ಗೆ ಹೋಗಿ ಮೇಡಮ್ಮಾಗ್ತೀನಿ ಅಂತಾಳೆ. ಈ ವರ್ಷ ಕೂರ್ಸಲಿಲ್ಲ ಅಂದ್ರೆ ಇನ್ನೊಂದು ವರ್ಷ ತಾಳಿ ಅನ್ನೋಕೆ ನಮಗೆ ಬಾಯಿ ಇಲ್ಲ."

ತಂದೆ ಕೈ ಒರೆಸಿಕೊಂಡರು. "ಕದ್ದು ಬರೆದೋಳಿಗೆ ಇನ್ನೊಂದು ಸಲ ಬರೆಯೋಕೆ ಬರಲ್ಲ, ಅಲ್ವಾ? ಇಲ್ಲೇ ಬರೆಸಿ. ಇಲ್ಲಿ ಯಾರದನ್ನ ನೋಡ್ತಾಳೆ? ನಂದನ್ನಾ?"

ಗ್ರಾಫ್ ಹಾಳೆ ನಾನು ತಂದಿರಲಿಲ್ಲ. ಶಾಲೆಯಲ್ಲೂ ಅದು ಪರೀಕ್ಷೆಗೆ ಮಾತ್ರ ಸಿಗುತ್ತಿತ್ತು, ಪಾಠವೆಲ್ಲ ಕಪ್ಪುಹಲಗೆಯ ಮೇಲೆ ಕೈಯಲ್ಲಿ ಎಳೆದ ಸೊಟ್ಟ ಗೆರೆಗಳಲ್ಲೇ. ಹುಡುಗಿ ಗೋಡೆಯ ಮೊಳೆಯಿಂದ ಒಂದು ಕಟ್ಟು ತೆಗೆದಳು. ಚೌಕುಳಿ ಹಾಳೆಗಳು. ಮೇಲಿನವುಗಳಲ್ಲಿ ಕೆಂಪು ಶಾಯಿಯಲ್ಲಿ ಚೌಕ ಚೌಕ ತುಂಬಿಸಿ ಹೂವು, ಮಾವಿನಕಾಯಿ, ಅಂಚಿನ ಗೋಪುರ. ಸೀರೆಯ ವಿನ್ಯಾಸ ಮೊದಲು ಇಳಿಯುವುದು ಆ ಹಾಳೆಯ ಮೇಲೆ, ಆಮೇಲೆ ಮಗ್ಗಕ್ಕೆ. ಅಡಿಯಲ್ಲಿದ್ದ ಖಾಲಿ ಹಾಳೆಯೊಂದನ್ನು ಎಳೆದು ನನ್ನ ಮುಂದೆ ಚಾಪೆಯ ಮೇಲೆ ಹಾಸಿ ಕೂತಳು.

ಬಲಕ್ಕೆ ಒಂದು ಎಣಿಸಿದಳು, ಮೇಲಕ್ಕೆ ಆರು. ಚುಕ್ಕೆ ಇಟ್ಟಳು. ಗೆರೆಗಳು ಕೂಡುವಲ್ಲಿ ಅಲ್ಲ. ಚೌಕದ ಹೊಟ್ಟೆಯೊಳಗೆ, ನಟ್ಟನಡುವೆ.

ಮುಂದಿನದೂ ಹಾಗೆಯೇ. ನಾಲ್ಕು ಚುಕ್ಕೆ, ನಾಲ್ಕೂ ಚೌಕದ ನಡುವೆ. ಅಡ್ಡಪಟ್ಟಿ ಇಟ್ಟು ಗೆರೆ ಎಳೆದಳು. ಅದು ಎರಡೂ ಕಡೆ ಆರನೆಯ ಚೌಕದ ಅಂಚಿಗೆ ಹೋಗಿ ನಿಂತಿತು. ಪ್ರತಿ ಚುಕ್ಕೆಯೂ ಅಡ್ಡಕ್ಕೆ ಅರ್ಧ ಚೌಕ, ಎತ್ತರಕ್ಕೆ ಅರ್ಧ ಚೌಕ ಹಿಂದೆ ಬಿದ್ದು, ಏಳರಲ್ಲಿ ಒಂದು ಕಡಿಮೆಯಾಗಿತ್ತು.

ಪರೀಕ್ಷೆಯ ಹಾಳೆಗಳಲ್ಲಿ ದಪ್ಪ ಪೆನ್ಸಿಲ್ ಗೆರೆಯ ಕೆಳಗೆ ಆ ಚುಕ್ಕೆಗಳು ಮುಚ್ಚಿಹೋಗಿದ್ದವು. ನಾನು ಉತ್ತರ ನೋಡಿದ್ದೆನೇ ಹೊರತು ಚುಕ್ಕೆಯನ್ನಲ್ಲ.

"ಚುಕ್ಕೆ ಯಾಕಮ್ಮ ಒಳಗೆ ಇಟ್ಟೆ? ಗೆರೆ ಮೇಲೆ ಇಡ್ಬೇಕು."

ಅವಳಿಗಿಂತ ಮೊದಲು ತಂದೆ ನಕ್ಕರು. "ಗೆರೆ ಮೇಲೆ ಏನಿದೆ ಮೇಷ್ಟ್ರೇ? ಒಂದು ಚೌಕ ಅಂದ್ರೆ ಒಂದು ಎಳೆ. ಗೆರೆ ಅಂದ್ರೆ ಎರಡು ಎಳೆ ಮಧ್ಯದ ಸಂದು. ಸಂದಿನಲ್ಲಿ ಹೂವು ಬಿಡಿಸ್ತಾರಾ ಯಾರಾದ್ರೂ?"

"ಮೊದಲನೇ ಚೌಕಕ್ಕಿಂತ ಮುಂಚೆ ಸೊನ್ನೆ ಇದೆ," ಎಂದೆ.

"ಸೊನ್ನೆಯನೇ ಎಳೆ ಎಲ್ಲಿರ್ತದೆ? ಒಂದರಿಂದ ತಾನೇ ಎಣಿಸೋದು?"

ಆ ಬೀದಿಯ ಮಕ್ಕಳೆಲ್ಲ ಅಕ್ಷರಕ್ಕೂ ಮೊದಲು ಚೌಕ ಎಣಿಸಿದವರು. ಅಪ್ಪ ಹೇಳಿದ ಎಳೆಗೆ ಕೆಂಪು ತುಂಬಿಸುವುದು ಅವರ ಕೈಗೆ ಆಟದಷ್ಟೇ ರೂಢಿ. ನಾನು ತರಗತಿಯಲ್ಲಿ ಹೇಳಿದ್ದೇನು? ಬಲಕ್ಕೆ ಮೂರು ಎಣಿಸಿ, ಮೇಲಕ್ಕೆ ನಾಲ್ಕು ಎಣಿಸಿ. ಏನನ್ನು ಎಣಿಸಬೇಕು, ಚೌಕವನ್ನೋ ಗೆರೆಯನ್ನೋ, ಅದನ್ನು ಹೇಳಿರಲಿಲ್ಲ. ತೂಬಗೆರೆಯ ಕಡೆಯ ಹಳ್ಳಿಗಳಿಂದ ಬರುತ್ತಿದ್ದವರು ಬದುವಿನ ಮೇಲೆ ನಡೆದ ಹಾಗೆ ಮೂಲೆಯಿಂದ ಹೆಜ್ಜೆ ಎಣಿಸಿ ಸರಿಯಾದ ಜಾಗಕ್ಕೆ ತಲುಪಿದ್ದರು. ಇವರು ಎಳೆ ಎಣಿಸಿದ್ದರು. ಐವರ ನಡುವೆ ಸಂಬಂಧವಿತ್ತು, ನಿಜ. ಅದು ಪರೀಕ್ಷೆಯ ಕೊಠಡಿಯದ್ದಾಗಿರಲಿಲ್ಲ.

ಆಮೇಲೆ ನಾನು ಹಾಳೆಯ ಎಡ ಮೂಲೆಗೆ ಬೆರಳಿಟ್ಟು, ಎಳೆ ಎಣಿಸುವುದಾದರೆ ಒಂದರಿಂದ, ದೂರ ಎಣಿಸುವುದಾದರೆ ಇಲ್ಲಿಂದ, ಇಲ್ಲಿ ಸೊನ್ನೆ, ಎಂದು ವಿವರಿಸಿದೆ. ಅವಳ ಮುಖ ತಿಳಿಯಾಯಿತು. ಅದೇ ಹಾಳೆಯಲ್ಲಿ ಇನ್ನೊಮ್ಮೆ ಚುಕ್ಕೆ ಇಟ್ಟಳು, ಏಳು ಬಂತು. ಇದು ನಾನು ಹೇಳುತ್ತ ಬಂದಿರುವ ಕ್ರಮ.

ರುಜುವಿನ ಕಾಗದವನ್ನು ಮಡಿಸಿ ಜೇಬಿಗಿಟ್ಟೆ. ಉಳಿದ ನಾಲ್ಕು ಮನೆಗಳಿಗೆ ಹೋಗಲಿಲ್ಲ. ತಾಯಿ ಹಿತಕಿದ ಬೇಳೆಯ ಸಾರಿನಲ್ಲಿ ಊಟ ಹಾಕಿಯೇ ಕಳಿಸಿದರು. ಆಪಾದನೆ ಹೊತ್ತು ಬಂದವನಿಗೆ ಬಡಿಸುವಾಗಲೂ ಅವರ ಕೈ ಹಿಡಿತ ಮಾಡಲಿಲ್ಲ.

ಸೋಮವಾರ ಬಾಗಿಲು ತೆರೆಯುವ ಹೊತ್ತಿಗೇ ಹೆಡ್‌ಮಾಸ್ಟರರ ಎದುರು ನಿಂತೆ. ಐದು ಉತ್ತರಪತ್ರಿಕೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಗೆರೆಯ ಕೆಳಗಿನ ಚುಕ್ಕೆಗಳನ್ನು ತೋರಿಸಿದೆ. ಅವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು.

"ಶುಕ್ರವಾರ ನಕಲು ಅಂತ ಬರ್ಕೊಟ್ರಿ. ಇವತ್ತು ಅಲ್ಲ ಅಂತೀರಿ. ಬಾಯಿಮಾತಿಗೆ ನಾನು ವರದಿ ಹರಿಯೋಕಾಗಲ್ಲ. ಏನು ಬದಲಾಯ್ತು ಅಂತ ಬರ್ಕೊಡಿ."

"ಏನಂತ ಬರೀಲಿ ಸಾರ್?"

"ತಪ್ಪು ಮಕ್ಕಳದ್ದಲ್ಲ ಅಂದ್ರೆ ಇನ್ಯಾರದ್ದು? ಅದನ್ನ ಬರೀರಿ. ಯೋಚನೆ ಮಾಡಿ ಬರೀರಿ. ಅದು ನಿಮ್ಮ ಫೈಲಿಗೆ ಹೋಗತ್ತೆ. ನಿಮ್ಮ ಪ್ರೊಬೇಷನ್ ಕಾಗದ ನನ್ನ ಮೇಜಿನ ಮೇಲೇ ಇದೆ."

ಅವರು ಹೆದರಿಸಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದರು. ಹೊರಗೆ ಬಂದು ಬಾವಿಯ ಕಟ್ಟೆಯ ಹತ್ತಿರ ನಿಂತೆ. ಒಂದು ಪೀರಿಯಡ್ ಪೂರ್ತಿ ನಿಂತಿದ್ದೆ ಎಂದು ನೆನಪು ಹೇಳುತ್ತದೆ. ಐದು ನಿಮಿಷವೂ ಇರಲಿಲ್ಲವೇನೋ. ಮನಸ್ಸಿನಲ್ಲಿ ಜಾಣತನದ ವಾಕ್ಯಗಳು ತಯಾರಾಗಿದ್ದವು: ಪ್ರಶ್ನೆ ಅಸ್ಪಷ್ಟವಾಗಿತ್ತು, ಹಾಳೆ ಸಾಲದಾಗಿತ್ತು. ಒಳಗೆ ಹೋಗಿ ಬರೆದದ್ದು ಬೇರೆ. ಗ್ರಾಫ್ ಪಾಠದಲ್ಲಿ ನಾನು ಏನನ್ನು ಎಣಿಸಬೇಕೆಂದು ಹೇಳಿರಲಿಲ್ಲ, ಈ ಐವರ ತಪ್ಪು ನನ್ನ ಪಾಠದ ತಪ್ಪು, ನಕಲಿನ ಆಪಾದನೆಯನ್ನು ಹಿಂತೆಗೆದುಕೊಳ್ಳುತ್ತೇನೆ. ರುಜು ಹಾಕಿದೆ. ಹೆಡ್‌ಮಾಸ್ಟರರು ಓದಿ, ಐದು ಅರ್ಜಿಗಳಿಗೂ ರುಜು ಹಾಕಿ ಕಟ್ಟಿಗೆ ಸೇರಿಸಿದರು.

"ಪರೀಕ್ಷೆಗೆ ಮೂರು ತಿಂಗಳಿದೆ," ಎಂದರು. "ಪಾಠದ ತಪ್ಪು ಅಂದಿದ್ದೀರಿ. ಪಾಠ ಸರಿ ಮಾಡಿ."

ಆ ಮೂರು ತಿಂಗಳು ನಾನು ದುಡಿದ ಹಾಗೆ ಮುಂದೆ ಎಂದೂ ದುಡಿಯಲಿಲ್ಲ. ಮೊದಲ ಹದಿನೈದು ದಿನ ಕೆಟ್ಟದಾಗಿ ದುಡಿದೆ. ಹೊಸದೊಂದು ಕಂಡುಹಿಡಿದ ಉತ್ಸಾಹದಲ್ಲಿ ಎಲ್ಲವನ್ನೂ ಮಗ್ಗದ ಮೇಲೆ ಹೇರಿದೆ. ಅನುಪಾತಕ್ಕೆ ಹಾಸು ಹೊಕ್ಕು, ಸರಾಸರಿಗೆ ದಿನದ ನೇಯ್ಗೆ, ಪ್ರಮೇಯಕ್ಕೂ ಸೀರೆಯ ಅಂಚು. ಕಿರುಪರೀಕ್ಷೆ ಕೊಟ್ಟರೆ ಹಳ್ಳಿಯ ಮಕ್ಕಳ ಅಂಕ ಇಳಿದಿತ್ತು. ಅದನ್ನು ಊಹಿಸಬಹುದಿತ್ತು. ಆ ಹುಡುಗಿಯದೂ ಇಳಿದಿತ್ತು.

"ಯಾಕಮ್ಮ, ನಿನಗೋಸ್ಕರಾನೇ ಮಗ್ಗದಲ್ಲಿ ಹೇಳಿದ್ದು."

"ಮಗ್ಗ ಮನೇಲೇ ಸಾಕಾಗೋಗಿದೆ ಸಾರ್. ಇಲ್ಲಾದ್ರೂ ಪುಸ್ತಕದ್ದು ಹೇಳ್ಕೊಡಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನೂ ನಕ್ಕೆ, ತಡವಾಗಿ.

ಆಮೇಲೆ ಒಂದು ನೋಟ್‌ಬುಕ್ ಮಾಡಿದೆ. ಪ್ರತಿ ಮಗುವಿಗೆ ಒಂದು ಪುಟ. ಎಡಗಡೆ ಏನು ತಪ್ಪಿದರು, ಬಲಗಡೆ ಹೇಗೆ ಹೇಳಿದಾಗ ತಿಳಿಯಿತು. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದು, ಮೂಲೆಯಲ್ಲೊಂದು ಇಟ್ಟಿಗೆ ಇಟ್ಟು ಅದಕ್ಕೆ ಸೊನ್ನೆ ಎಂದು ಹೆಸರಿಟ್ಟು, ಮಕ್ಕಳನ್ನೇ ಬಿಂದುಗಳಾಗಿ ಗೆರೆ ಕೂಡುವಲ್ಲಿ ನಿಲ್ಲಿಸಿದೆ. ನಾಲ್ಕು ಜನ ಹಗ್ಗ ಹಿಡಿದರೆ ಸರಳರೇಖೆ. ಕೆಲವರಿಗೆ ಅದು ಅಲ್ಲೇ ಹತ್ತಿತು. ಇನ್ನು ಕೆಲವರಿಗೆ ಅದು ಬಿಸಿಲಿನ ಆಟವಷ್ಟೇ ಆಯಿತು. ಉದ್ದನೆಯ ಹುಡುಗನಿಗೆ ನೋಡಿಯೂ ತಿಳಿಯಲಿಲ್ಲ, ನಿಂತೂ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಶಾಲೆಯ ದಾರಿಯಲ್ಲಿ ಅವನು ನನ್ನ ಮುಂದೆ ಹೋಗುತ್ತಿದ್ದ. ಗೆಳೆಯನ ಹೆಗಲಿಗೆ ಕೈ ಹಾಕಿ ಜೋರಾಗಿ ಹೇಳುತ್ತಿದ್ದ:

"ಲೇ, ಸಮದ ಗುರುತಿನ ಈ ಕಡೆ ಇರೋದು ಆ ಕಡೆ ಹೋದ್ರೆ ಕೂಡೋದು ಕಳೆಯೋದಾಯ್ತದೆ ಕಣೋ. ನಮ್ಮಕ್ಕ ಅತ್ತೆ ಮನೆಗೆ ಹೋದ್ಮೇಲೆ ಬದಲಾಗ್ಲಿಲ್ವಾ, ಹಂಗೆ."

ಕೇಳಿಸಿಕೊಂಡವನಿಗಿಂತ ಹೇಳಿದವನಿಗೆ ತಿಳಿಯುತ್ತಿತ್ತು. ಅಂದಿನಿಂದ ಪಾಠದ ಕೊನೆಯ ಹತ್ತು ನಿಮಿಷ ಅವನೇ ಹಲಗೆಯ ಹತ್ತಿರ. ನಾನು ಹಿಂದಿನ ಬೆಂಚಿನಲ್ಲಿ.

ವಿಶ್ವವಿದ್ಯಾಲಯದ ರೋಗ ಸುಲಭಕ್ಕೆ ಬಿಡುವುದಿಲ್ಲ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮೂರು ಪಟ್ಟಿ ಮಾಡಿದ್ದೆ: ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು, ಕೈಯಿಂದ ಕಲಿಯುವವರು. ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಪ್ರತಿ ವಾರ ಯಾರೋ ಒಬ್ಬರನ್ನು ಒಂದು ಪಟ್ಟಿಯಿಂದ ಹೊಡೆದು ಇನ್ನೊಂದಕ್ಕೆ ಹಾಕಬೇಕಾಗುತ್ತಿತ್ತು. ಆ ಹುಡುಗಿಯ ಹೆಸರು ಮೂರರಲ್ಲೂ ಬಂದು ಮೂರರಿಂದಲೂ ಹೋಯಿತು. ಬೀಜಗಣಿತ ಅವಳಿಗೆ ಪುಸ್ತಕದಿಂದಲೇ ಆಗಬೇಕು, ರೇಖಾಗಣಿತಕ್ಕೆ ಕೈಯಲ್ಲಿ ಹಾಳೆ ಬೇಕು, ಬಾಯಿಲೆಕ್ಕಕ್ಕೆ ಏನೂ ಬೇಡ. ಫೆಬ್ರವರಿಯ ಹೊತ್ತಿಗೆ ಆ ಪುಟ ಹರಿದೆ. ಬಲಗಡೆಯ ಅಂಕಣ ಮಾತ್ರ ಉಳಿಸಿಕೊಂಡೆ. ಇನ್ನೊಂದು ನಿಯಮ ಮಾಡಿಕೊಂಡೆ: ತಪ್ಪು ಉತ್ತರದ ಪಕ್ಕದಲ್ಲಿ ಸೊನ್ನೆ ಹಾಕುವ ಮೊದಲು, ಹೇಗೆ ಬಂತು, ಎಂದು ಬರೆಯುವುದು. ಮಕ್ಕಳು ಉತ್ತರ ಬರೆದು ತರುತ್ತಿದ್ದರು. ಸಮಯ ವಿಪರೀತ ಹಿಡಿಯುತ್ತಿತ್ತು. ಅರ್ಧಕ್ಕರ್ಧ ತಪ್ಪುಗಳಿಗೆ ಒಂದು ನ್ಯಾಯ ಇರುತ್ತಿತ್ತು.

ಬೇಸಿಗೆಯಲ್ಲಿ ಫಲಿತಾಂಶ ಬಂತು. ಐವರಲ್ಲಿ ನಾಲ್ವರು ಪಾಸಾದರು. ಉದ್ದನೆಯ ಹುಡುಗ ಗಣಿತದಲ್ಲಿ ಪಾಸಾಗಿ ಇಂಗ್ಲಿಷಿನಲ್ಲಿ ಫೇಲಾದ. "ಲೆಕ್ಕ ನಾನೇ ಹೇಳ್ಕೊಟ್ಟೆ ಸಾರ್, ಅದಕ್ಕೆ ಬಂತು. ಇಂಗ್ಲಿಷ್ ಬೇರೆಯೋರು ಹೇಳ್ಕೊಟ್ರು," ಎಂದ. ಹುಡುಗಿ ಪಾಸಾಗಿ ಟ್ರೈನಿಂಗ್‌ಗೆ ಸೇರಿದಳು. ನನ್ನ ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಯಿತು. ನಾನು ಬರೆದುಕೊಟ್ಟ ಕಾಗದವೇ ಕಾರಣವೋ, ಕಚೇರಿಯ ಎಂದಿನ ವಿಳಂಬವೋ, ಕೇಳಲಿಲ್ಲ.

ಮುಂದೆ ಎಷ್ಟೋ ವರ್ಷ ಹೊಸ ಶಿಕ್ಷಕರ ಎದುರು ಈ ಪ್ರಸಂಗ ಹೇಳಿದ್ದೇನೆ. ಹೇಳುವಾಗ ಮೂಲೆಗೆ ಬೆರಳಿಡುವ ಜಾಗಕ್ಕೆ ಬಂದಾಗ ಸ್ವಲ್ಪ ನಿಲ್ಲಿಸುತ್ತಿದ್ದೆ. ಅಲ್ಲಿ ಎಲ್ಲರೂ ತಲೆದೂಗುತ್ತಿದ್ದರು.

ಈಚೆಗೆ ಇದನ್ನು ಬರೆಯಬೇಕೆಂದು ಹಳೆಯ ನೋಟ್‌ಬುಕ್ ಹುಡುಕಿದೆ. ಸಿಕ್ಕಿತು. ಒಳಗೆ ನಾಲ್ಕಾಗಿ ಮಡಿಸಿದ ಚೌಕುಳಿ ಹಾಳೆ. ಅದನ್ನು ಅಂದು ಜೇಬಿಗಿಟ್ಟುಕೊಂಡು ಬಂದದ್ದೇ ಮರೆತಿತ್ತು. ಒಂದು ಗೆರೆ ಚೌಕಗಳ ಹೊಟ್ಟೆಯಿಂದ ಹಾಯ್ದು ಆರಕ್ಕೆ ನಿಂತಿದೆ. ಇನ್ನೊಂದು ಗೆರೆ ಏಳಕ್ಕೆ. ಎಡ ಮೂಲೆಗೆ ಪೆನ್ಸಿಲ್ಲಿನಲ್ಲಿ ಒಂದು ಬಾಣ, ಅದರ ಪಕ್ಕದಲ್ಲಿ ಗುಂಡಗಿನ ಪುಟ್ಟ ಅಕ್ಷರ: "ಗೆರೆ ಎಣಿಸಬೇಕಾ ಸಾರ್? ಹಾಗಾದರೆ ಸೊನ್ನೆ ಇಲ್ಲಿ. ಎಳೆ ಇಲ್ಲಿಂದ ಆಚೆಗೆ."

ಅವಳಪ್ಪ ಮತ್ತು ನಾನು ಸೊನ್ನೆಯನೇ ಎಳೆಯ ಬಗ್ಗೆ ವಾದಿಸುತ್ತಿದ್ದಾಗ, ದೊಡ್ಡವರ ಮಾತಿಗೆ ಅಡ್ಡ ಬರಬಾರದೆಂದು, ಅವಳು ಬರೆದು ನನ್ನ ಕಡೆ ಸರಿಸಿರಬೇಕು. ಇರಬೇಕು, ಅಷ್ಟೆ, ನನಗೆ ನೆನಪಿಲ್ಲ. ಅಕ್ಷರವಂತೂ ನನ್ನದಲ್ಲ. ಆ ಹಾಳೆಯಲ್ಲಿ ನನ್ನದು ಎನ್ನಬಹುದಾದದ್ದು ಒಂದೇ ಇದೆ. ಅವಳ ವಾಕ್ಯದ ಕೊನೆಯಲ್ಲಿ, ಕೆಂಪು ಶಾಯಿಯಲ್ಲಿ, ಒಂದು ಸರಿ ಗುರುತು.